ಅಡ್ರಿನಲ್ ಲೇಖನದ ಬಗ್ಗೆ ಸಂಪಾದಕರ ಉತ್ತರ

ಮಾನ್ಯರೇ,

ದಾವಣಗೆರೆಯಿಂದ ನೀವು ಕಳಿಸಿದ ‘ಅಡ್ರಿನಲ್ ಎಂಬ ಏಳು ಸುತ್ತಿನ ಕೋಟೆ’ ತಲುಪಿದೆ. ಈಗಿರುವಂತೆ ಪ್ರಕಟಿಸಲಾರೆ. ತಿದ್ದಿ ಕಳಿಸಿದರೆ ಖಂಡಿತ ಓದುತ್ತೇನೆ.

ಮೊದಲು ಕೋಟೆಯನ್ನು ಕೈಬಿಡಿ. ನಮ್ಮ ಸೀಮೆಯವರು ಏನು ಬರೆಯಲು ಕುಳಿತರೂ ಚಿತ್ರದುರ್ಗದಿಂದಲೇ ಹೊರಡುತ್ತಾರೆ (ಓಬವ್ವ ಬಾರದ ಲೇಖನ ನನ್ನ ಮೇಜಿಗೆ ಅಪರೂಪ). ಮೂತ್ರಪಿಂಡಗಳ ನೆತ್ತಿಯ ಮೇಲೆ ಕುಳಿತ, ಒಂದೊಂದೂ ನಾಲ್ಕೈದು ಗ್ರಾಂ ತೂಗುವ ಈ ಗ್ರಂಥಿಗಳ ಹೊರಭಾಗವಾದ ಕಾರ್ಟೆಕ್ಸ್‌ಗೆ ಇರುವುದು ಮೂರೇ ಪದರ. ಹೊರಗಿನದು ಅಲ್ಡೊಸ್ಟಿರೋನ್, ನಡುವಿನದು ಒತ್ತಡದ ಹೊತ್ತಿನ ಹಾರ್ಮೋನಾದ ಕಾರ್ಟಿಸಾಲ್, ಒಳಗಿನದು ಡಿಎಚ್‌ಇಎ ಎಂಬ ಹಾರ್ಮೋನು ತಯಾರಿಸುತ್ತದೆ. ಏಳರ ಲೆಕ್ಕ ತುಂಬಿಸಲು ಸುತ್ತಲಿನ ಕೊಬ್ಬನ್ನೂ ಎಣಿಸಿದ್ದೀರಲ್ಲ!

ಎರಡನೆಯ ತಕರಾರು ಗಂಭೀರ. ಅಡ್ರಿನಲ್‌ನಲ್ಲಿ ಅಂಡಾಶಯವನ್ನು ನಡೆಸುವ ಎಲ್‌ಎಚ್ ಹಾರ್ಮೋನಿನ ರಿಸೆಪ್ಟರ್ (ಅದು ಬಂದು ಕೂಡಿಕೊಳ್ಳುವ ತಾಣ) ಇದೆ, ಆದ್ದರಿಂದ ಅದೂ ಅಂಡಾಶಯದಂತೆ ಎಲ್‌ಎಚ್ ಹೇಳಿದ ಹಾಗೆ ನಡೆಯುತ್ತದೆ ಎಂದಿದ್ದೀರಿ. ರಿಸೆಪ್ಟರ್ ಕಂಡುಬರುವುದು ಬೇರೆ, ಅದರಿಂದ ಕೆಲಸ ನಡೆಯುವುದು ಬೇರೆ. ಆರೋಗ್ಯವಂತರಲ್ಲಿ ಕಾರ್ಟಿಸಾಲ್ ಮೇಲಿನ ಯಜಮಾನಿಕೆ ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯ ಎಸಿಟಿಎಚ್ ಹಾರ್ಮೋನಿನದೇ.

ಲೇಖನದ ಜೀವ ಮೂರನೇ ಪುಟದಲ್ಲಿದೆ. ಪಿ.ಜೆ. ಬಡಾವಣೆಯ ಲ್ಯಾಬಿನ ಮುಂದೆ ಚೀಟಿ ಹಿಡಿದು ಕುಳಿತ ನಿಮ್ಮ ದೊಡ್ಡಮ್ಮ, ‘ಮುಟ್ಟು ನಿಂತು ಎಷ್ಟೋ ಕಾಲವಾಯಿತು, ನನಗಿನ್ನೆಲ್ಲಿಯ ಹಾರ್ಮೋನು?’ ಎನ್ನುತ್ತಾರೆ. ನೀವು ನಕ್ಕು ಮುಂದೆ ಸಾಗಿದ್ದೀರಿ. ಅಲ್ಲೇ ನಿಲ್ಲಬೇಕಿತ್ತು. ಅಂಡಾಶಯದ ಕಡಿವಾಣ ತಪ್ಪಿದ ಮೇಲೆ ಎಲ್‌ಎಚ್ ಏರುತ್ತದೆ. ಬಸುರಿಯರಲ್ಲಿ ಹೆಚ್ಚುವ ಎಚ್‌ಸಿಜಿ ಎಂಬ ಹಾರ್ಮೋನು ಕೂಡ ಅದೇ ರಿಸೆಪ್ಟರ್‌ಗೆ ಕೂಡಿಕೊಳ್ಳುತ್ತದೆ. ಮಾಂಟ್ರಿಯಲ್‌ನ ವೈದ್ಯ ಆಂದ್ರೆ ಲಾಕ್ರೊವಾ ಮತ್ತು ಸಂಗಡಿಗರು 1999ರಲ್ಲಿ ವರದಿ ಮಾಡಿದ ಮಹಿಳೆಗೆ ಬಸಿರಿನಲ್ಲಿ ಕಾರ್ಟಿಸಾಲ್ ಅತಿಯಾದಾಗ ಬರುವ ಕುಶಿಂಗ್ ಸಿಂಡ್ರೋಮಿನ ಲಕ್ಷಣಗಳು ಕಾಣಿಸಿಕೊಂಡು ಮರೆಯಾಗಿದ್ದವು. ಮುಟ್ಟು ನಿಂತ ಮೇಲೆ ಬಂದವು ಹೋಗಲೇ ಇಲ್ಲ. ಗಂಟುಗಟ್ಟಿ ಬೆಳೆದಿದ್ದ ಆಕೆಯ ಅಡ್ರಿನಲ್‌ಗಳು ಎಲ್‌ಎಚ್‌ಗೆ ಓಗೊಟ್ಟು ಕಾರ್ಟಿಸಾಲ್ ಸುರಿಸುತ್ತಿದ್ದವು. ಎಲ್‌ಎಚ್ ತಗ್ಗಿಸುವ ಲ್ಯುಪ್ರೊಲೈಡ್ ಕೊಟ್ಟಾಗ ಕಾರ್ಟಿಸಾಲ್ ಹತೋಟಿಗೆ ಬಂತು. ನಿಮ್ಮ ವಾದಕ್ಕೆ ಬೇಕಾದ ಪುರಾವೆ ಇಂಥದ್ದು. ಆದರೆ ಇದು ಕಾಯಿಲೆ ಬಿದ್ದ ಗ್ರಂಥಿಯ ಮಾತು, ಅದೂ ಬಲು ಅಪರೂಪದ್ದು ಎಂಬುದನ್ನು ಮರೆಯದೆ ಬರೆಯಿರಿ.

ಐವತ್ತು ದಾಟಿದ ಹೆಂಗಸರೆಲ್ಲ ಎಲ್‌ಎಚ್ ಪರೀಕ್ಷೆ ಮಾಡಿಸಿಕೊಳ್ಳಲಿ ಎಂಬ ಕೊನೆಯ ಪ್ಯಾರಾವನ್ನು ಹೊಡೆದು ಹಾಕಿ. ಮುಟ್ಟು ನಿಂತವರಲ್ಲಿ ಅದು ಹೆಚ್ಚೇ ಇರುತ್ತದೆ. ವರದಿ ನೋಡಿದವರು ಸುಮ್ಮನೆ ಗಾಬರಿಯಾಗುತ್ತಾರೆ. ದೊಡ್ಡಮ್ಮನ ಪ್ರಶ್ನೆಯಿಂದ ಆರಂಭಿಸಿ, ಎಂಟುನೂರು ಪದಗಳೊಳಗೆ ಮುಗಿಸಿ. ಅವರ ಚೀಟಿಯಲ್ಲಿ ವೈದ್ಯರು ಯಾವ ಪರೀಕ್ಷೆ ಬರೆದಿದ್ದರು ಎಂಬುದನ್ನೂ, ಅವರು ಒಪ್ಪಿದರೆ, ಸೇರಿಸಿ.

ಸಂಪಾದಕ