ಪ್ಯಾಂಕ್ರಿಯಾಸ್ ಕ್ಯಾನ್ಸರ್ ಲಿವರ್‌ಗೂ ಹರಡಿದೆ, ಅಪ್ಪ ಎಷ್ಟು ದಿನ ಇರಬಹುದು?

ಡಾಕ್ಟರು ಬಾಯಿಬಿಟ್ಟು ಹೇಳುತ್ತಿಲ್ಲ ಅಂತ ಬರೆದಿದ್ದೀರಿ. ನಾನು ಡಾಕ್ಟರ್ ಅಲ್ಲ. ನಮ್ಮ ದೊಡ್ಡಮ್ಮನಿಗೆ ಇದೇ ಕಾಯಿಲೆ ಬಂದಾಗ ಜೊತೆಗಿದ್ದು ನೋಡಿಕೊಂಡವಳು. ಮುಚ್ಚುಮರೆ ಇಲ್ಲದೆ ಹೇಳುತ್ತೇನೆ.

ಮೊದಲು ಬಯಾಪ್ಸಿ ರಿಪೋರ್ಟ್ ನೋಡಿ. ಈ ಕ್ಯಾನ್ಸರ್‌ನಲ್ಲಿ ಮುಖ್ಯವಾಗಿ ಎರಡು ಬಗೆ: ಅಡಿನೋಕಾರ್ಸಿನೋಮಾ ಅಂತ ಇದೆಯೋ, ನ್ಯೂರೋಎಂಡೋಕ್ರೈನ್ ಅಂತ ಇದೆಯೋ? ಎರಡನೆಯದು ಸಾಮಾನ್ಯವಾಗಿ ನಿಧಾನ. ಸ್ಟೀವ್ ಜಾಬ್ಸ್‌ಗೆ ಇದ್ದದ್ದು ಅದು. 2003ರಲ್ಲಿ ಗೊತ್ತಾಯಿತು, 2011ರವರೆಗೆ ಬದುಕಿದ್ದರು. ಅವರನ್ನು ನೋಡಿ ಲೆಕ್ಕ ಹಾಕಬೇಡಿ.

ಹೆಚ್ಚಿನವರಿಗೆ ಬರುವುದು ಮೊದಲನೆಯದು. ಅದು ಲಿವರ್‌ಗೆ ಹರಡಿದ್ದರೆ, ಚಿಕಿತ್ಸೆ ಇಲ್ಲದೆ ಸಾಮಾನ್ಯವಾಗಿ 3ರಿಂದ 6 ತಿಂಗಳು. 2011ರಲ್ಲಿ ಪ್ರಕಟವಾದ ಫ್ರಾನ್ಸಿನ ಅಧ್ಯಯನದಲ್ಲಿ ಜೆಮ್‌ಸೈಟಬಿನ್ ಎಂಬ ಒಂದೇ ಕೀಮೋ ಔಷಧಿ ತೆಗೆದುಕೊಂಡವರಿಗೆ 6.8 ತಿಂಗಳು, ಫೋಲ್ಫಿರಿನಾಕ್ಸ್ ಎಂಬ ಹಲವು ಔಷಧಿ ಸೇರಿದ ಕೀಮೋ ತೆಗೆದುಕೊಂಡವರಿಗೆ 11.1 ತಿಂಗಳು ಸಿಕ್ಕಿತ್ತು. ಇದು ನಡುವಿನ ಅಂಕಿ: ಅರ್ಧ ಜನ ಅದಕ್ಕಿಂತ ಮುಂಚೆ ಹೋದರು, ಇನ್ನರ್ಧ ಜನ ಅದನ್ನು ದಾಟಿದರು. ಆದರೆ ಅವರೆಲ್ಲ ಎದ್ದು ಓಡಾಡುವಷ್ಟು ಗಟ್ಟಿಯಿದ್ದವರು. ಹಾಸಿಗೆ ಹಿಡಿದವರಿಗೆ ಆ ಕೀಮೋ ತಡೆಯುವುದಿಲ್ಲ. ಹಾಗಾಗಿ ಅಪ್ಪ ಈಗ ತಾವೇ ಸ್ನಾನ ಮಾಡುತ್ತಾರಾ, ಎಷ್ಟು ಊಟ ಸೇರುತ್ತದೆ ಅನ್ನುವುದರ ಮೇಲೆ ತುಂಬಾ ನಿಂತಿದೆ.

ತಿಂಗಳು ಎಣಿಸುವುದಕ್ಕಿಂತ ಜಾಸ್ತಿ ನಿಮ್ಮ ಕೈಯಲ್ಲಿರುವುದು ಆ ತಿಂಗಳುಗಳು ಹೇಗಿರುತ್ತವೆ ಅನ್ನುವುದು. ದೊಡ್ಡಮ್ಮನಿಗೆ ಕಾಮಾಲೆ ಏರಿ ಮೈಯೆಲ್ಲ ತುರಿಕೆ. ರಾತ್ರಿಯಿಡೀ ಬಾಚಣಿಗೆಯಿಂದ ಬೆನ್ನು ಕೆರೆದುಕೊಳ್ಳುತ್ತಿದ್ದರು. ಎಂಡೋಸ್ಕೋಪಿ ಮಾಡಿ ಪಿತ್ತನಾಳಕ್ಕೆ ಸ್ಟೆಂಟ್ ಹಾಕಿದ ಮೇಲೆ ಅದು ಇಳಿಯಿತು, ನಿದ್ದೆ ಬಂತು. ತಿಂದದ್ದು ಮೈಗೆ ಹತ್ತುತ್ತಿರಲಿಲ್ಲ, ಮಲ ಎಣ್ಣೆಯಂತೆ ತೇಲುತ್ತಿತ್ತು. ಊಟ ಜೀರ್ಣವಾಗಲು ನೆರವಾಗುವ ಎಂಜೈಮ್ ಕ್ಯಾಪ್ಸೂಲನ್ನು ಮೊದಲ ತುತ್ತಿನ ಜೊತೆಗೇ ಕೊಡಲು ಶುರು ಮಾಡಿದೆವು. ಆಮೇಲೆ ಗಂಜಿ ಬಿಟ್ಟು ಅನ್ನ ಸಾರು ಊಟ ಮಾಡಿದರು. ಇದನ್ನು ಯಾರೂ ತಾವಾಗಿ ಹೇಳಲಿಲ್ಲ, ಕೇಳಿದ ಮೇಲೆ ಬರೆದುಕೊಟ್ಟರು. ನೀವು ಇವತ್ತೇ ಕೇಳಿ.

ನೋವಿಗೆ ಮಾರ್ಫಿನ್ ಅಂದರೆ ಮನೆಯವರು ಹೆದರುತ್ತಾರೆ. ದಯವಿಟ್ಟು ಹೆದರಬೇಡಿ. ಡಾಕ್ಟರು ಹೇಳಿದ ಪ್ರಮಾಣದಲ್ಲಿ ಕೊಟ್ಟರೆ ಅದು ಆಯಸ್ಸು ಕಡಿಮೆ ಮಾಡುವುದಿಲ್ಲ. ಮಲಬದ್ಧತೆ ಆಗುತ್ತದೆ, ಅದಕ್ಕೂ ಮಾತ್ರೆ ಬರೆಸಿಕೊಳ್ಳಿ. ಮಾತ್ರೆಗೂ ಬಗ್ಗದ ಹೊಟ್ಟೆ ನೋವಿಗೆ ನರಕ್ಕೇ ಇಂಜೆಕ್ಷನ್ ಕೊಡುವ ದಾರಿಯೂ ಇದೆ. ಪ್ಯಾಲಿಯೇಟಿವ್ ಕೇರ್, ಅಂದರೆ ನೋವು ಮತ್ತು ತೊಂದರೆ ಕಡಿಮೆ ಮಾಡುವ ಆರೈಕೆಯ ಡಾಕ್ಟರನ್ನು ಕೀಮೋ ನಡೆಯುತ್ತಿರುವಾಗಲೇ ಕಾಣಿ, ಕೊನೆಗೆ ನೋಡೋಣ ಅಂತ ಬಿಡಬೇಡಿ. ಬೆಂಗಳೂರಿನ ಹತ್ತಿರ ಇದ್ದರೆ ಮಾರತ್ತಹಳ್ಳಿ ಕಡೆಯ ಕರುಣಾಶ್ರಯ ಎಂಬ, ಗುಣವಾಗದ ಹಂತದ ಕ್ಯಾನ್ಸರ್ ರೋಗಿಗಳನ್ನು ನೋಡಿಕೊಳ್ಳುವ ಕೇಂದ್ರವನ್ನು ವಿಚಾರಿಸಿ, ಅಲ್ಲಿ ಆರೈಕೆಗೆ ದುಡ್ಡು ತೆಗೆದುಕೊಳ್ಳುವುದಿಲ್ಲ.