ಬಸುರಿಯ ಬಿಪಿಗೆ ಉಪ್ಪು ಬಿಟ್ಟರೆ ಸಾಕೇ?

ಪ್ರಶ್ನೆ: ಏಳು ತಿಂಗಳ ಬಸುರಿಯಾದ ನನ್ನ ಸೊಸೆಗೆ ಬಿಪಿ 150/100 ಇದೆ. ಮಾತ್ರೆಯಿಂದ ಮಗುವಿಗೆ ತೊಂದರೆಯಾದೀತೆಂಬ ಭಯವಿದೆ. ಉಪ್ಪು ಬಿಡಿಸಿದರೆ ಸಾಲದೇ?
– ಓದುಗರೊಬ್ಬರು, ಚಳ್ಳಕೆರೆ

ಉತ್ತರ: ಸಾಲದು. 20 ವಾರಗಳ ಬಳಿಕ ಒತ್ತಡವು 140/90 ಮುಟ್ಟಿ ಅಥವಾ ದಾಟಿ, ಮೂತ್ರದಲ್ಲಿ ಪ್ರೋಟೀನ್ ಕೂಡ ಕಂಡುಬಂದರೆ ಅದು ಪ್ರಿಎಕ್ಲಾಂಪ್ಸಿಯಾ. ಮಾಸಿನ ರಕ್ತಸಂಚಾರದ ದೋಷದಿಂದ ಹುಟ್ಟುವ ಈ ತೊಂದರೆಯನ್ನು ಪಥ್ಯ ನಿವಾರಿಸಲಾರದು. ಲ್ಯಾಬೆಟಲಾಲ್, ನಿಫೆಡಿಪಿನ್ ಮಾತ್ರೆಗಳು ಬಸುರಿಯರಿಗೆ ರೂಢಿಯಲ್ಲಿರುವಂಥವೇ ಆದ್ದರಿಂದ, ವೈದ್ಯರು ಬರೆದುಕೊಟ್ಟಿದ್ದನ್ನು ನಿಲ್ಲಿಸಬೇಡಿ. ಆದರೆ ಮನೆಯ ಹಿರಿಯರ ಬಿಪಿ ಮಾತ್ರೆಯನ್ನು ಆಕೆಗೆ ಕೊಡುವುದು (ಹಾಗೆ ಮಾಡುವವರಿದ್ದಾರೆ) ನಿಜಕ್ಕೂ ಅಪಾಯಕಾರಿ. ವಿಪರೀತ ತಲೆನೋವು, ಕಣ್ಣು ಮಂಜಾಗುವುದು, ಪಕ್ಕೆಲುಬಿನ ಕೆಳಗೆ ನೋವು ಕಾಣಿಸಿಕೊಂಡರೆ ಬೆಳಗಾಗಲೆಂದು ಕಾಯದೆ 108ಕ್ಕೆ ಕರೆಮಾಡಿ, ತಾಯಿ ಕಾರ್ಡ್ ಸಮೇತ ಚಿತ್ರದುರ್ಗದ ಜಿಲ್ಲಾಸ್ಪತ್ರೆಗೆ ಕರೆದೊಯ್ಯಿರಿ. ಈ ತೊಂದರೆಯಿಂದ ಹೆರಿಗೆಯ ನಂತರವೂ ಫಿಟ್ಸ್ ಬರಬಹುದಾದ್ದರಿಂದ, ಬಾಣಂತನಕ್ಕೆ ತವರಿಗೆ ಹೋದಾಗಲೂ ಬಿಪಿ ತಪಾಸಣೆ ಮುಂದುವರಿಯಲಿ.