ಹಿರಿಯರು ಬರೆಸಿದ ಕಾಗದ ವಿಚ್ಛೇದನವಲ್ಲ

ಪ್ರಶ್ನೆ: ನನಗೆ 33 ವರ್ಷ. ಮದುವೆ ಹಿಂದೂ ಸಂಪ್ರದಾಯದಂತೆ ಆಯಿತು. ಈಗ ದಾವಣಗೆರೆಯ ತವರುಮನೆಯಲ್ಲಿದ್ದು ಖಾಸಗಿ ಶಾಲೆಯಲ್ಲಿ ಪಾಠ ಮಾಡುತ್ತೇನೆ. ಪತಿ ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದಾರೆ. ಎರಡು ವರ್ಷದ ಹಿಂದೆ ಹಿರಿಯರು ಪಂಚಾಯ್ತಿ ಮಾಡಿ, ಇಬ್ಬರಿಗೂ ಇನ್ನು ಸಂಬಂಧವಿಲ್ಲ, ಮಗ ತಾಯಿಯ ಬಳಿ ಇರತಕ್ಕದ್ದು, ತಾಯಿ ಜೀವನಾಂಶ ಕೇಳತಕ್ಕದ್ದಲ್ಲ ಎಂದು ಛಾಪಾ ಕಾಗದದಲ್ಲಿ ಬರೆಸಿ ನೋಟರಿಯ ಮುಂದೆ ಸಹಿ ಮಾಡಿಸಿದರು. ಮಗನಿಗೀಗ ಏಳು ವರ್ಷ. ಶಾಲೆಯ ಶುಲ್ಕಕ್ಕೆ ಹಣ ಕೇಳಿದ್ದಕ್ಕೆ ಪತಿ, ‘ಐದು ವರ್ಷ ದಾಟಿದ ಮಗು ತಂದೆಗೆ ಸೇರಿದ್ದು, ಕರೆದುಕೊಂಡು ಹೋಗುತ್ತೇನೆ’ ಎಂದರು. ಅವರಿಗೆ ಬೇರೆ ಹೆಣ್ಣು ನೋಡುತ್ತಿದ್ದಾರಂತೆ. ತಿಂಗಳಿಗೊಮ್ಮೆ ಬಂದು ಮಗನನ್ನು ಸುತ್ತಾಡಿಸುತ್ತಾರೆ. ಕಳೆದ ಸಲ ಅವರು ಕೊಡಿಸಿದ ಆಟದ ಶೂಗಳನ್ನು ಮಗ ನನಗೆ ಕಾಣದಂತೆ ಮಂಚದ ಕೆಳಗೆ ಬಚ್ಚಿಟ್ಟಿದ್ದ. ಈ ಭೇಟಿಯನ್ನೇ ನಿಲ್ಲಿಸಿಬಿಡಲೇ?

ಉತ್ತರ: ಭೇಟಿಯನ್ನು ನಿಲ್ಲಿಸಬೇಡಿ. ಅದರ ಕಾರಣಕ್ಕೆ ಕೊನೆಯಲ್ಲಿ ಬರುತ್ತೇನೆ. ಮೊದಲು ನಿಮ್ಮನ್ನು ಎರಡು ವರ್ಷದಿಂದ ಕಟ್ಟಿಹಾಕಿರುವ ಆ ಕಾಗದದ ವಿಚಾರ ಮುಗಿಸೋಣ.

ಹಿರಿಯರು ಒಳ್ಳೆಯ ಉದ್ದೇಶದಿಂದಲೇ ಬರೆಸಿರಬಹುದು, ಆದರೆ ಅದರಿಂದ ನಿಮ್ಮ ಮದುವೆ ಮುರಿದಿಲ್ಲ. ಹಿಂದೂ ವಿವಾಹ ಕಾಯ್ದೆ, 1955ರ ಪ್ರಕಾರ ನ್ಯಾಯಾಲಯದ ಡಿಕ್ರಿಯಿಂದಲೇ ವಿಚ್ಛೇದನ ಸಿಗಬೇಕು. ಸಮುದಾಯದಲ್ಲಿ ಹಿಂದಿನಿಂದ ಬಂದ ವಿಚ್ಛೇದನದ ರೂಢಿಯಿದ್ದರೆ 29ನೇ ಕಲಮು ಅದನ್ನು ಉಳಿಸಿಕೊಟ್ಟಿದೆಯಾದರೂ, ಅಂಥ ರೂಢಿ ಇದೆಯೆಂದು ಸಾಕ್ಷ್ಯ ಸಮೇತ ರುಜುವಾತು ಮಾಡುವ ಹೊಣೆ ಅದನ್ನು ಹೇಳಿಕೊಳ್ಳುವವರದ್ದೇ. ನೋಟರಿಯ ಮೊಹರು ಸಹಿ ನಿಮ್ಮದೆಂದು ಹೇಳುತ್ತದೆಯೇ ಹೊರತು ಅದಕ್ಕಿಂತ ಹೆಚ್ಚಿನದೇನನ್ನೂ ಮಾಡಲಾರದು. ಹೀಗಿರುವಾಗ ನಿಮ್ಮ ಪತಿ ಈ ಕಾಗದವನ್ನೇ ನಂಬಿ ಮತ್ತೊಂದು ಮದುವೆಯಾದರೆ ಆ ಮದುವೆ ಅಸಿಂಧು, ಮೇಲಾಗಿ ಅಪರಾಧ. ಇದನ್ನು ಬೆದರಿಕೆಯಂತಲ್ಲದೆ ತಿಳಿವಳಿಕೆಯಂತೆ ಅವರಿಗೆ ತಲುಪಿಸಿ. ಪರಸ್ಪರ ಒಪ್ಪಿಗೆಯ ವಿಚ್ಛೇದನದ ಅಗತ್ಯ ಈಗ ನಿಮಗಿಂತ ಅವರಿಗೇ ಹೆಚ್ಚಾಗಿದೆ.

ಇನ್ನು ‘ಐದು ವರ್ಷ’ದ ಮಾತು. ಇದು ಅರ್ಧ ಓದಿದ ಕಾನೂನು. ಹಿಂದೂ ಅಪ್ರಾಪ್ತತೆ ಮತ್ತು ಪೋಷಕತ್ವ ಕಾಯ್ದೆ, 1956ರ 6ನೇ ಕಲಮು ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕೆನ್ನುತ್ತದೆ, ಆದರೆ ಐದು ತುಂಬಿದ ಮರುದಿನ ತಂದೆಗೆ ಒಪ್ಪಿಸಬೇಕೆಂದು ಎಲ್ಲಿಯೂ ಹೇಳುವುದಿಲ್ಲ. ಅದೇ ಕಾಯ್ದೆಯ 13ನೇ ಕಲಮಿನ ಪ್ರಕಾರ ಮಗುವಿನ ಹಿತವೇ ಎಲ್ಲಕ್ಕಿಂತ ಮಿಗಿಲು. ಮಗ ಯಾವ ಶಾಲೆಗೆ ಹೋಗುತ್ತಿದ್ದಾನೆ, ಜ್ವರ ಬಂದ ರಾತ್ರಿ ಯಾರು ಎದ್ದು ಕೂರುತ್ತಾರೆ, ಯಾವ ಮನೆಯ ದಿನಚರಿಗೆ ಒಗ್ಗಿದ್ದಾನೆ ಎಂಬ ಸಣ್ಣ ಸಂಗತಿಗಳೇ ಅಲ್ಲಿ ತೂಗುತ್ತವೆ.

ಜೀವನಾಂಶದ ವಿಷಯದಲ್ಲಿ ನೀವು ಮಾಡಿದ ತಪ್ಪು ಬಹಳಷ್ಟು ತಾಯಂದಿರು ಮಾಡುವಂಥದ್ದು: ಮಗನೊಬ್ಬ ಸಿಕ್ಕರೆ ಸಾಕೆಂದು ಹಣವನ್ನು ಬಿಟ್ಟುಕೊಟ್ಟಿರಿ. ಆದರೆ ಮಗನ ಪಾಲಿನ ಜೀವನಾಂಶ ಮಗನದು, ಅದನ್ನು ಬಿಟ್ಟುಕೊಡುವ ಅಧಿಕಾರ ನಿಮಗಿರಲಿಲ್ಲ. ನಿಮ್ಮ ಪಾಲಿನ ಬಗ್ಗೆ ಎದುರು ಪಕ್ಷದ ವಕೀಲರು ಆ ಕಾಗದವನ್ನು ಮುಂದಿಟ್ಟು ವಾದಿಸುವುದು ಖಚಿತ. ಮಗನ ಪಾಲಿಗೆ ಆ ವಾದ ನಿಲ್ಲುವುದಿಲ್ಲ. ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮಿನ ಜಾಗದಲ್ಲಿ ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮು ಇದೆ. ಅದರಡಿ ದಾವಣಗೆರೆಯ ಕೌಟುಂಬಿಕ ನ್ಯಾಯಾಲಯದಲ್ಲಿಯೇ ಅರ್ಜಿ ಹಾಕಬಹುದು. 2020ರ ರಜನೇಶ್ ಮತ್ತು ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಗಂಡಹೆಂಡಿರಿಬ್ಬರೂ ಆದಾಯ, ಆಸ್ತಿ, ಸಾಲಗಳ ಪ್ರಮಾಣಪತ್ರ ಸಲ್ಲಿಸಬೇಕೆಂದೂ, ಜೀವನಾಂಶವನ್ನು ಅರ್ಜಿಯ ದಿನದಿಂದಲೇ ಲೆಕ್ಕ ಹಾಕಬೇಕೆಂದೂ ಹೇಳಿರುವುದರಿಂದ, ಮುಂದಿನ ವರ್ಷ ನೋಡೋಣವೆಂದು ಮುಂದೂಡಿದಷ್ಟೂ ನಷ್ಟ ಮಗನಿಗೆ. ಶುಲ್ಕದ ರಸೀದಿಗಳನ್ನು ಈಗಲೇ ಒಂದು ಫೈಲಿನಲ್ಲಿ ಕೂಡಿಡಿ.

ಜಗಳವಿಲ್ಲದ ದಾರಿಯೂ ಇದೆ. ಒಂದು ವರ್ಷಕ್ಕಿಂತ ಹೆಚ್ಚು ಬೇರೆಯಾಗಿ ಬಾಳಿರುವ ನೀವಿಬ್ಬರೂ ಹಿಂದೂ ವಿವಾಹ ಕಾಯ್ದೆಯ 13-ಬಿ ಕಲಮಿನಡಿ ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಜಂಟಿ ಅರ್ಜಿ ಕೊಡಬಹುದು. ಮೊದಲ ಹಾಗೂ ಎರಡನೆಯ ಹಂತದ ನಡುವಿನ ಆರು ತಿಂಗಳ ಕಾಯುವಿಕೆಯನ್ನು ತಕ್ಕ ಸಂದರ್ಭದಲ್ಲಿ ಮನ್ನಾ ಮಾಡಬಹುದೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ. ಆ ಅರ್ಜಿಯಲ್ಲಿ ಮಗ ಯಾರ ಬಳಿ, ತಿಂಗಳಿಗೆ ಎಷ್ಟು ಹಣ, ಯಾವ ದಿನ ಭೇಟಿ, ದಸರಾ ರಜೆ ಯಾರಲ್ಲಿ, ಬೇಸಿಗೆ ರಜೆ ಯಾರಲ್ಲಿ ಎಂಬುದನ್ನೆಲ್ಲ ಬಿಡಿಬಿಡಿಯಾಗಿ ಬರೆಸಿ. ‘ಅನುಕೂಲ ನೋಡಿಕೊಂಡು’ ಎಂಬ ಪದವಿರುವ ಕರಾರಿಗೆ ಸಹಿ ಹಾಕಬೇಡಿ. ಅನುಕೂಲ ಯಾರದೆಂಬುದೇ ಮುಂದೆ ವ್ಯಾಜ್ಯವಾಗುತ್ತದೆ. ವಕೀಲರ ಶುಲ್ಕದ ಚಿಂತೆಯಿದ್ದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೇ 15100ಕ್ಕೆ ಕರೆ ಮಾಡಿ. ಮಹಿಳೆಯರಿಗೆ ಅಲ್ಲಿ ಆದಾಯದ ಮಿತಿ ನೋಡದೆ ಉಚಿತವಾಗಿ ವಕೀಲರನ್ನು ಕೊಡುತ್ತಾರೆ.

ಈಗ ಭೇಟಿಯ ವಿಷಯ. ಮಗು ಒಬ್ಬರ ಬಳಿಯಿದ್ದರೂ ಇನ್ನೊಬ್ಬರನ್ನು ಸಾಕಷ್ಟು ಕಾಣುವಂತಿರಬೇಕೆಂದು ನ್ಯಾಯಾಲಯಗಳು ಮತ್ತೆ ಮತ್ತೆ ಹೇಳಿವೆ, ಆದ್ದರಿಂದ ತಡೆದರೆ ನಾಳೆ ನಿಮ್ಮ ವಾದವೇ ಸೊರಗುತ್ತದೆ. ಇದು ವಕೀಲರು ಹೇಳುವ ಕಾರಣ. ನನ್ನ ಕಾರಣ ಆ ಶೂಗಳು. ಅಪ್ಪ ಕೊಡಿಸಿದ್ದನ್ನು ಕಂಡರೆ ಅಮ್ಮನಿಗೆ ನೋವಾಗುತ್ತದೆಂದು ಏಳು ವರ್ಷದ ಹುಡುಗ ತಾನೇ ತೀರ್ಮಾನಿಸಿದ್ದಾನೆ. ನೀವು ಬಾಯಿಬಿಟ್ಟು ಏನೂ ಅಂದಿರಲಿಕ್ಕಿಲ್ಲ, ಮುಖ ನೋಡಿ ತಿಳಿದುಕೊಂಡಿರುತ್ತಾನೆ. ಯಾಕೆ ಬಚ್ಚಿಟ್ಟೆ ಎಂದು ಕೇಳಬೇಡಿ. ಅಪ್ಪ ಬೇಕೋ ಅಮ್ಮ ಬೇಕೋ ಎಂಬ ಪ್ರಶ್ನೆಯನ್ನು ಅಜ್ಜಿಯೂ ತಮಾಷೆಗೆಂದು ಕೇಳದಂತೆ ನೋಡಿಕೊಳ್ಳಿ. ಶಾಲೆಯಲ್ಲಿ ಆಟದ ಪಿರಿಯಡ್ ಇರುವ ದಿನ ಬೆಳಿಗ್ಗೆ ಆ ಶೂಗಳನ್ನು ನೀವೇ ಹೊರತೆಗೆದು, ಧೂಳು ಒರೆಸಿ, ಲೇಸು ಕಟ್ಟಿ ಕಳುಹಿಸಿ.